ದೇವರನ್ನು ಬಿಟ್ಟವರ ಮನೆಗೆ ನೆಂಟರು ಬರುತ್ತಾರಾ? ವಿಜಯವಾಡದ ಗೋರಾ ಬದುಕಿ ಕೊಟ್ಟ ಉತ್ತರ

ದೇವರನ್ನು ನಂಬದವರ ಬಗ್ಗೆ ನಮ್ಮ ಫೋನ್‌ಗಳಲ್ಲಿ ಓಡಾಡುವ ಮಾತುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ದೇವರ ಭಯ ಇಲ್ಲದವನಿಗೆ ನೀತಿಯೂ ಇರುವುದಿಲ್ಲ ಅನ್ನುವುದು. ಇನ್ನೊಂದು, ಅಂಥವನು ಕೊನೆಗೆ ಒಂಟಿಯಾಗುತ್ತಾನೆ ಅನ್ನುವುದು. ಅವನ ಮಗಳ ಮದುವೆಗೆ ಯಾರು ಬರುತ್ತಾರೆ, ಮಗುವಿಗೆ ಹೆಸರಿಡಲು ಯಾರು ಸೇರುತ್ತಾರೆ, ಸತ್ತರೆ ಹೆಗಲು ಕೊಡಲು ನಾಲ್ಕು ಜನ ಎಲ್ಲಿಂದ ಬರುತ್ತಾರೆ?

ಮೊದಲನೆಯದಕ್ಕೆ ಉತ್ತರ ಸುಲಭ. ಸುಳ್ಳು ಹೇಳದೆ, ಮೋಸ ಮಾಡದೆ ಬದುಕಿದ ನಾಸ್ತಿಕರು ನಮ್ಮ ನಡುವೆಯೇ ಇದ್ದಾರೆ. ಖಾದಿ ಪಂಚೆಯಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರನ್ನು ನೆನೆದರೆ ಸಾಕು. ಆದರೆ ಎರಡನೆಯದನ್ನು ಅಷ್ಟು ಬೇಗ ತಳ್ಳಿಹಾಕುವ ಹಾಗಿಲ್ಲ. ಜಾತ್ರೆ, ಮದುವೆ, ನಾಮಕರಣ, ತಿಥಿ ಎಲ್ಲವೂ ಜಾತಿ ಮತ್ತು ದೇವಸ್ಥಾನದ ಸುತ್ತಲೇ ಇರುವ ಊರಲ್ಲಿ ಅವೆರಡನ್ನೂ ಬಿಟ್ಟವರು ನಿಜಕ್ಕೂ ಒಂಟಿಯಾಗುತ್ತಾರೆ. ಇದು ಶಾಪವಲ್ಲ, ಸಮಾಜದ ವ್ಯವಸ್ಥೆ ಹಾಗಿದೆ ಅಷ್ಟೆ.

ಈ ಒಂಟಿತನವನ್ನು ಗಂಭೀರವಾಗಿ ತೆಗೆದುಕೊಂಡು, ಅದಕ್ಕೆ ಮದ್ದು ಹುಡುಕುವುದರಲ್ಲೇ ಬದುಕು ಸವೆಸಿದ ಒಬ್ಬರು ನಮ್ಮ ಪಕ್ಕದ ಆಂಧ್ರದಲ್ಲಿದ್ದರು. ಹೆಸರು ಗೋಪರಾಜು ರಾಮಚಂದ್ರರಾವ್. ಮನೆತನದ ಹೆಸರಿನ ಗೋ, ಸ್ವಂತ ಹೆಸರಿನ ರಾ ಸೇರಿಸಿ ಜನ ಕರೆದದ್ದು ಗೋರಾ. (ಟಾಗೋರರ ಗೋರಾ ಕಾದಂಬರಿಗೂ ಇವರಿಗೂ ಸಂಬಂಧವಿಲ್ಲ.)

ಗಿಡಗಳ ಮೇಷ್ಟ್ರು

ಗೋರಾ ಹುಟ್ಟಿದ್ದು 1902ರ ನವೆಂಬರ್ 15ರಂದು, ಈಗ ಒಡಿಶಾದಲ್ಲಿರುವ ಗಂಜಾಂ ಜಿಲ್ಲೆಯ ಛತ್ರಪುರದಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಸಂಪ್ರದಾಯಸ್ಥ ತೆಲುಗು ಬ್ರಾಹ್ಮಣ ಮನೆತನ. 1922ರಲ್ಲಿ ಮದುವೆಯಾಯಿತು. ಆಗ ಹುಡುಗಿ ಸರಸ್ವತಿಗೆ ಹತ್ತು ವರ್ಷ. ಮುಂದೆ ಹಳೆಯ ಕಟ್ಟುಗಳನ್ನೆಲ್ಲ ಪ್ರಶ್ನಿಸಿದ ಈ ದಂಪತಿಯ ಸಂಸಾರ ಶುರುವಾದದ್ದು ಬಾಲ್ಯವಿವಾಹದಿಂದಲೇ ಅನ್ನುವುದನ್ನು ಮರೆಯಬಾರದು. ಅವರು ಆಕಾಶದಿಂದ ಇಳಿದವರಲ್ಲ, ನಮ್ಮ ಅಜ್ಜ ಅಜ್ಜಿಯರ ಥರದ ಮನೆಗಳಿಂದ ಬಂದವರು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಗೋರಾ ಮೇಷ್ಟ್ರಾದರು. ಮಧುರೆಯ ಅಮೆರಿಕನ್ ಕಾಲೇಜು, ಕೊಯಮತ್ತೂರಿನಲ್ಲಿ ಹತ್ತಿ ಬೆಳೆಯ ಸಂಶೋಧನೆ, ಕೊಲಂಬೊದ ಆನಂದ ಕಾಲೇಜು, ಕಾಕಿನಾಡದ ಪಿ.ಆರ್. ಕಾಲೇಜು, ಮಚಲೀಪಟ್ಟಣದ ಹಿಂದೂ ಕಾಲೇಜು. ಹದಿನೈದು ವರ್ಷದಲ್ಲಿ ಐದು ಕೆಲಸ. ಯಾಕೆ ಒಂದು ಕಡೆಯೂ ನಿಲ್ಲಲಿಲ್ಲ ಅನ್ನುವುದರಲ್ಲೇ ಕತೆಯ ಅರ್ಧ ಇದೆ.

ಮಧುರೆಯಲ್ಲಿದ್ದಾಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಅವಕಾಶ ಬಂತು. ಷರತ್ತು ಒಂದೇ, ಕ್ರೈಸ್ತರಾಗಬೇಕು. ಗೋರಾ ಒಪ್ಪಲಿಲ್ಲ. ಅವರು ಬರೀ ಹಿಂದೂ ಧರ್ಮಕ್ಕೆ ಬೆನ್ನು ತಿರುಗಿಸಿದವರು ಅನ್ನುವ ಆರೋಪ ಆಗಾಗ ಕೇಳಿಬರುತ್ತದೆ. ಇದನ್ನು ನೋಡಿದರೆ ಆ ಆರೋಪ ನಿಲ್ಲುವುದಿಲ್ಲ. ಅದೇ ಊರಲ್ಲಿ ದೆವ್ವ ಇದೆ ಎಂದು ಎಲ್ಲರೂ ದೂರವಿಟ್ಟಿದ್ದ ಮನೆಯೊಂದಕ್ಕೆ ಹೋಗಿ ವಾಸ ಮಾಡಿದರು. ದೆವ್ವ ಬರಲಿಲ್ಲ.

ಮುಂದೆ ಜನಿವಾರ ತೆಗೆದರು. ಅದರ ಬೆಲೆ ಮಾತ್ರ ದೊಡ್ಡದಿತ್ತು. ತಂದೆಯ ಮನೆ ಬಿಡಬೇಕಾಯಿತು, ಜಾತಿಯವರು ಹೊರಗಿಟ್ಟರು. ಬಹಿಷ್ಕಾರ ಅಂದರೆ ಬರೀ ಅವಮಾನವಲ್ಲ. ಅವತ್ತಿನ ದಿನಗಳಲ್ಲಿ ಬಾಡಿಗೆಗೆ ಮನೆ, ಕಾಯಿಲೆಯಾದರೆ ನೋಡಿಕೊಳ್ಳುವವರು, ಬಾಣಂತನಕ್ಕೆ ಜನ, ಕೈಸಾಲ, ಮಕ್ಕಳಿಗೆ ಸಂಬಂಧ ಎಲ್ಲವೂ ಜಾತಿಯ ಮೂಲಕವೇ ಸಿಗುತ್ತಿದ್ದವು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ ಬ್ಯಾಂಕ್, ಆಸ್ಪತ್ರೆ, ವಿಮೆ, ಮ್ಯಾಟ್ರಿಮೊನಿ ನಾಲ್ಕೂ ಒಂದೇ ದಿನ ಬಾಗಿಲು ಹಾಕಿದ ಹಾಗೆ.

1933ರಲ್ಲಿ ಕಾಕಿನಾಡದ ಕಾಲೇಜು ನಾಸ್ತಿಕ ಎಂಬ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆಯಿತು. ಮಚಲೀಪಟ್ಟಣದ ಕೆಲಸವೂ ಆ ದಶಕದ ಕೊನೆಗೆ ಇದೇ ಕಾರಣಕ್ಕೆ ಕೈಬಿಟ್ಟಿತು. ಆಗ ಮನೆ ತುಂಬ ಮಕ್ಕಳು, ಸಂಬಳವಿಲ್ಲ.

ಗ್ರಹಣ, ಗರ್ಭಿಣಿ, ಸೀಳು ತುಟಿ

ಇಲ್ಲಿ ಸರಸ್ವತಿಯವರ ಬಗ್ಗೆ ಹೇಳಬೇಕು. ಗೋರಾ ಅವರ ಕತೆಗಳಲ್ಲಿ ಅವರನ್ನು ಹಿಂಬಾಲಿಸಿದ ಹೆಂಡತಿ ಎಂದು ಒಂದು ಸಾಲಿನಲ್ಲಿ ಮುಗಿಸುವವರೇ ಹೆಚ್ಚು. ಆದರೆ ನಂಬಿಕೆಯನ್ನು ತಮ್ಮ ಮೈಯ ಮೇಲೆಯೇ ಪರೀಕ್ಷೆಗೆ ಒಡ್ಡಿದವರು ಅವರು. ಗರ್ಭಿಣಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಒಳಗೆ ಕೂರದೆ ಹೊರಗೆ ಬಂದರು. ಮಗು ಆರೋಗ್ಯವಾಗಿಯೇ ಹುಟ್ಟಿತು.

ಒಂದು ಮಗು ಆರೋಗ್ಯವಾಗಿ ಹುಟ್ಟಿದರೆ ಅದೇ ಸಾಕ್ಷಿಯೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ, ಒಂದೇ ಉದಾಹರಣೆ ಸಾಕ್ಷಿಯಾಗುವುದಿಲ್ಲ. ಹಾಗಾಗಿ ವಿಜ್ಞಾನ ಏನು ಹೇಳುತ್ತದೆ ನೋಡೋಣ. ಸೂರ್ಯಗ್ರಹಣ ಅಂದರೆ ಚಂದ್ರನ ನೆರಳು ಭೂಮಿಯ ಮೇಲೆ ಬೀಳುವುದು, ಚಂದ್ರಗ್ರಹಣ ಅಂದರೆ ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು. ನೆರಳಿನಿಂದ ಹೊಸ ಕಿರಣ ಯಾವುದೂ ಹುಟ್ಟುವುದಿಲ್ಲ. ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ಮೊದಲ ಎರಡು ತಿಂಗಳೊಳಗೆ, ಎಷ್ಟೋ ಸಲ ತಾಯಿಗೆ ಗರ್ಭ ನಿಂತಿದೆ ಎಂದು ಖಚಿತವಾಗುವ ಹೊತ್ತಿಗೆ. ಅದು ಸರಿಯಾಗಿ ಕೂಡದಿದ್ದರೆ ಸೀಳು ತುಟಿ. ವಂಶವಾಹಿ, ತಾಯಿ ಧೂಮಪಾನ ಮಾಡುವುದು, ಮೂರ್ಛೆರೋಗದ ಕೆಲವು ಮಾತ್ರೆಗಳು, ಫೋಲಿಕ್ ಆಮ್ಲದ ಕೊರತೆ ಇವೆಲ್ಲ ಅದರ ಅಪಾಯ ಹೆಚ್ಚಿಸುವ ಸಂಗತಿಗಳು. ಏಳನೇ ತಿಂಗಳಲ್ಲಿ ಗ್ರಹಣ ನೋಡಿದ್ದರಿಂದ, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದ್ದರಿಂದ ಆಗಲೇ ಕೂಡಿದ ತುಟಿ ಮತ್ತೆ ಸೀಳುವುದಿಲ್ಲ. (ಮೂರ್ಛೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.) ಗ್ರಹಣದಲ್ಲಿ ನಿಜವಾಗಿ ಕಾಪಾಡಿಕೊಳ್ಳಬೇಕಾದ್ದು ಕಣ್ಣನ್ನು. ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿದರೆ ಅಕ್ಷಿಪಟಲ ಸುಡುತ್ತದೆ, ಗರ್ಭಿಣಿಯಾಗಲಿ, ಗಂಡಸಾಗಲಿ.

ಎಲೆ ಹಾಕಿದ ಸಾಲು

1940ರ ಆಗಸ್ಟ್‌ನಲ್ಲಿ ಗೋರಾ ಕುಟುಂಬ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಗೆ ಬಂತು. ಕರೆದದ್ದು ಊರಿನ ಸ್ವಾತಂತ್ರ್ಯ ಚಳವಳಿಯ ಜನ. ಅಲ್ಲಿ ಗುಡಿಸಲು ಹಾಕಿ ಶುರುಮಾಡಿದ್ದೇ ನಾಸ್ತಿಕ ಕೇಂದ್ರ.

ಹೆಸರು ಕೇಳಿ ಅಲ್ಲಿ ಬೆಳಗಿನಿಂದ ರಾತ್ರಿವರೆಗೆ ದೇವರಿಲ್ಲ ಎಂಬ ಭಾಷಣ ನಡೆಯುತ್ತಿತ್ತು ಅಂದುಕೊಂಡರೆ ತಪ್ಪು. ಹೆಚ್ಚಿನ ಹೊತ್ತು ಹೋಗುತ್ತಿದ್ದುದು ದೊಡ್ಡವರಿಗೆ ಅಕ್ಷರ ಕಲಿಸುವುದರಲ್ಲಿ, ದಲಿತ ಕೇರಿಯ ಕೆಲಸದಲ್ಲಿ ಮತ್ತು ಊಟದಲ್ಲಿ. ಹೌದು, ಊಟದಲ್ಲಿ. ಎಲ್ಲ ಜಾತಿಯವರನ್ನೂ ಕರೆದು ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುವ ಸಹಪಂಕ್ತಿ ಭೋಜನಗಳನ್ನು ಅವರು ಮತ್ತೆ ಮತ್ತೆ ನಡೆಸಿದರು.

ಇವತ್ತು ಹೋಟೆಲಿನಲ್ಲಿ ಯಾರ ಪಕ್ಕ ಯಾರು ಕೂತರೂ ನಾವು ನೋಡುವುದಿಲ್ಲ. ಹಾಗಾಗಿ ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆದರೆ ಹೋಟೆಲಿನ ಊಟ ಬೇರೆ, ಮನೆಯ ಊಟ ಬೇರೆ. ನಿಮ್ಮ ಮನೆಯ ಅಡುಗೆಮನೆಯವರೆಗೆ ಯಾರು ಬರಬಹುದು ಅನ್ನುವ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ, ಆಗ 1940ರ ಹಳ್ಳಿಯೊಂದರ ಆ ಸಾಲಿನ ತೂಕ ಗೊತ್ತಾಗುತ್ತದೆ. ಯಾರ ಜೊತೆ ಉಣ್ಣಬೇಕು ಎಂದು ಜಾತಿ ಹೇಳುತ್ತಿತ್ತು. ಜಾತಿಯನ್ನು ಬಿಟ್ಟವರು ಯಾರ ಜೊತೆ ಉಣ್ಣಬೇಕು? ಗೋರಾ ಕಂಡುಕೊಂಡ ಉತ್ತರ: ಎಲ್ಲರ ಜೊತೆ, ಎಲ್ಲರಿಗೂ ಕಾಣುವ ಹಾಗೆ, ಪದೇಪದೇ.

ನಾಸ್ತಿಕತೆ ಅಂದರೆ ಬರೀ ಇಲ್ಲ ಅನ್ನುವುದಲ್ಲ, ಅದು ಏನನ್ನಾದರೂ ಕಟ್ಟಬೇಕು ಎಂಬುದು ಅವರ ನಿಲುವು. ಅದನ್ನೇ ಸಕಾರಾತ್ಮಕ ನಾಸ್ತಿಕತೆ ಎಂದು ಕರೆದರು. ಮೇಲಿನಿಂದ ಯಾರೂ ಬಂದು ಕಾಪಾಡುವುದಿಲ್ಲ ಎಂದು ಗೊತ್ತಾದ ಮೇಲೆ ಉಳಿಯುವುದು ಪಕ್ಕದ ಮನುಷ್ಯ ಮಾತ್ರ. ಹಾಗಾಗಿ ಪಕ್ಕದವರ ಜೊತೆಗಿನ ಸಂಬಂಧವೇ ನೀತಿಯ ಬುನಾದಿ, ಇದು ಅವರ ವಾದದ ಸಾರ.

ಮಕ್ಕಳ ಹೆಸರುಗಳನ್ನು ನೋಡಿ. ಉಪ್ಪಿನ ಸತ್ಯಾಗ್ರಹದ 1930ರಲ್ಲಿ ಹುಟ್ಟಿದ ಮಗ ಲವಣಂ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಹುಟ್ಟಿದವನು ಸಮರಂ. ಸರ್ವಾಧಿಕಾರಿಗಳ ಕಾಲದಲ್ಲಿ ಹುಟ್ಟಿದವನು ನಿಯಂತ. ಒಂಬತ್ತನೆಯ ಮಗುವಿಗೆ ನೌ, ಅಂದರೆ ಒಂಬತ್ತು. ದೇವರ ಹೆಸರಿಲ್ಲ, ಜಾತಿ ಸೂಚಿಸುವ ಬಾಲವಿಲ್ಲ. ಒಂಬತ್ತು ಮಕ್ಕಳ ಮನೆಯಲ್ಲಿ ಕೊನೆಗೆ ಹೆಸರುಗಳು ಮುಗಿದವೇನೋ ಎಂದು ನಗು ಬಂದರೂ, ಹೆಸರು ಕೇಳಿದ ಕೂಡಲೇ ಜಾತಿ ಲೆಕ್ಕ ಹಾಕುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಸರಳವಾದ ತಡೆ ಇನ್ನೊಂದಿಲ್ಲ.

ಗಾಂಧಿಯನ್ನು ಗೋರಾ ನಾಸ್ತಿಕರಾಗಿ ಮಾಡಿದರೇ?

ಇಲ್ಲ. ಇದರ ತಿರುವುಮುರುವು ಮಾತೂ ಸುಳ್ಳು. ಇಬ್ಬರೂ ತಮ್ಮ ತಮ್ಮ ನಂಬಿಕೆಯಲ್ಲೇ ಉಳಿದರು.

ಗೋರಾ 1930ರಲ್ಲೇ ದೇವರೆಂಬ ಪದಕ್ಕೆ ಏನರ್ಥ ಎಂದು ಕೇಳಿ ಗಾಂಧೀಜಿಗೆ ಪತ್ರ ಬರೆದಿದ್ದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದ್ದು ಎಂಬರ್ಥದ ಚುಟುಕು ಉತ್ತರ ಬಂತು, ಅಲ್ಲಿಗೆ ನಿಂತಿತು. ಮುಖಾಮುಖಿ ಭೇಟಿ ಆದದ್ದು 1944ರಲ್ಲಿ, ಸೇವಾಗ್ರಾಮದಲ್ಲಿ. ಅಷ್ಟರಲ್ಲಿ ಗೋರಾ, ಸರಸ್ವತಿ ಇಬ್ಬರೂ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡು ಬಂದಿದ್ದರು.

ಗಾಂಧಿಯವರು ದೇವರೇ ಸತ್ಯ ಎಂಬಲ್ಲಿಂದ ಸತ್ಯವೇ ದೇವರು ಎಂಬಲ್ಲಿಗೆ ಬಂದದ್ದು ಗೋರಾ ಪ್ರಭಾವದಿಂದ ಎಂದು ಕೆಲವರು ಹೇಳುತ್ತಾರೆ. ದಿನಾಂಕ ನೋಡಿದರೆ ಇದು ಕೂಡುವುದಿಲ್ಲ. ಗಾಂಧಿ ಆ ಮಾತನ್ನು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವಿವರಿಸಿದ್ದು 1931ರ ಡಿಸೆಂಬರ್‌ನಲ್ಲಿ, ಗೋರಾ ಭೇಟಿಗೆ ಹದಿಮೂರು ವರ್ಷ ಮೊದಲು.

ಹಾಗಾದರೆ ಆ ಭೇಟಿಗಳಲ್ಲಿ ಆದದ್ದೇನು? ದೇವರಿದ್ದಾನೋ ಇಲ್ಲವೋ ಎಂಬ ವಾದಕ್ಕಿಂತ ಹೆಚ್ಚು ಹೊತ್ತು ಹೋದದ್ದು ಅಸ್ಪೃಶ್ಯತೆಯ ಮಾತಿಗೆ. ಹಿಂದೂ, ಮುಸ್ಲಿಂ, ಹರಿಜನ ಎಂಬ ಪಟ್ಟಿಗಳೆಲ್ಲ ನಂಬಿಕೆಯ ಮೇಲೆ ನಿಂತಿವೆ, ಅದನ್ನು ಬಿಟ್ಟರೆ ಮನುಷ್ಯ ಉಳಿಯುತ್ತಾನೆ ಎಂಬುದು ಗೋರಾ ವಾದ. ಗಾಂಧಿ ಒಪ್ಪಲಿಲ್ಲ, ಆದರೆ ಈ ಮನುಷ್ಯನ ಕೆಲಸವನ್ನು ತೂಗಿ ನೋಡಿದರು, ಪ್ರಯೋಗ ಮುಂದುವರಿಯಲಿ ಎಂದರು. ಗೋರಾ ಈ ಮಾತುಕತೆಗಳನ್ನು ಬರೆದಿಟ್ಟರು. 1951ರಲ್ಲಿ ಅದನ್ನು ಪುಸ್ತಕವಾಗಿ ತಂದದ್ದು ಗಾಂಧಿಯವರದೇ ನವಜೀವನ ಪ್ರಕಾಶನ.

ಒಂದು ಮದುವೆ, ಒಂದು ಪದ

ನನಗೆ ಈ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹಿರಿಯ ಮಗಳು ಮನೋರಮಾ ಅವರ ಮದುವೆ. ವರ ಅರ್ಜುನರಾವ್, ದಲಿತ ಯುವಕ. ತತ್ವ ಅಪ್ಪನದಾದರೂ ಬದುಕಬೇಕಾದವಳು ಮಗಳಲ್ಲವೇ ಎಂಬ ಪ್ರಶ್ನೆ ಇವತ್ತಿನ ನಮಗೆ ಬರುತ್ತದೆ, ಬರಬೇಕು. ಅವರಿಬ್ಬರೂ ಈ ಮದುವೆಯನ್ನು ತಮ್ಮದಾಗಿಸಿಕೊಂಡು ಬಾಳಿದರು ಅನ್ನುವುದೂ ನಿಜ.

ಆ ಹೊತ್ತಿಗೆ ಗಾಂಧಿ, ವಧೂವರರಲ್ಲಿ ಒಬ್ಬರು ದಲಿತರಾಗಿದ್ದರೆ ಮಾತ್ರ ಮದುವೆಗೆ ಬರುತ್ತೇನೆ ಎಂದು ತೀರ್ಮಾನಿಸಿದ್ದರು. ಈ ಮದುವೆ ಸೇವಾಗ್ರಾಮದಲ್ಲೇ ನಡೆಯಲಿ, ಅದಕ್ಕೆ ಮೊದಲು ಹುಡುಗ ಕೆಲಕಾಲ ಆಶ್ರಮದಲ್ಲಿದ್ದು ಕೆಲಸ ಕಲಿಯಲಿ ಎಂದರು. ತೊಡಕು ಬಂದದ್ದು ಪ್ರತಿಜ್ಞೆಯ ಮಾತಿನಲ್ಲಿ. ಆಶ್ರಮದ ಮದುವೆಗಳಲ್ಲಿ ವಧೂವರರು ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡುತ್ತಿದ್ದರು. ನಂಬದ ದೇವರ ಹೆಸರಲ್ಲಿ ಆಣೆ ಮಾಡಿದರೆ ಆಣೆಯೇ ಸುಳ್ಳಾಗುತ್ತದೆ. ದೇವರ ಜಾಗದಲ್ಲಿ ಸತ್ಯ ಎಂಬ ಪದ ಇಡಲು ಗಾಂಧಿ ಒಪ್ಪಿದರು.

1948ರ ಜನವರಿ 30ರಂದು ಗಾಂಧಿ ಕೊಲೆಯಾಯಿತು. ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲಿ, ಅವರಿಲ್ಲದೆ, ಅವರು ಒಪ್ಪಿದ್ದ ರೀತಿಯಲ್ಲೇ ಮದುವೆ ನಡೆಯಿತು. 1960ರಲ್ಲಿ ಮಗ ಲವಣಂ, ತೆಲುಗಿನ ಹೆಸರಾಂತ ದಲಿತ ಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ ಅವರನ್ನು ಮದುವೆಯಾದರು.

ಪುರೋಹಿತರಿಲ್ಲದ ಮದುವೆ ಎಂದ ಕೂಡಲೇ ಕನ್ನಡಿಗರಿಗೆ ಕುವೆಂಪು ಅವರ ಮಂತ್ರಮಾಂಗಲ್ಯ ನೆನಪಾಗುತ್ತದೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅವರು ಹಾಗೆ ನಡೆಸಿದರು. ಎರಡೂ ಒಂದೇ ಅಲ್ಲ. ಕುವೆಂಪು ದೇವರನ್ನು ನಿರಾಕರಿಸಿದವರಲ್ಲ, ಪುರೋಹಿತಶಾಹಿಯನ್ನು ನಿರಾಕರಿಸಿದವರು. ಆದರೆ ಮದುವೆಯಿಂದ ಜಾತಿ, ವರದಕ್ಷಿಣೆ, ದುಂದುವೆಚ್ಚ ಹೊರಗೆ ಹೋಗಲಿ, ನೆಂಟರಿಷ್ಟರು ಮಾತ್ರ ಉಳಿಯಲಿ ಎಂಬ ಆಸೆ ಇಬ್ಬರದೂ.

ಕಾನೂನಿನ ಕಡೆಗೂ ಒಂದು ನೋಟ ಹಾಕೋಣ, ಯಾಕೆಂದರೆ ಇಲ್ಲಿಯೂ ಗೊಂದಲಗಳಿವೆ. ಬ್ರಿಟಿಷರ ಕಾಲದ 1872ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗಲು, ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ವಧೂವರರು ಘೋಷಿಸಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಆ ಘೋಷಣೆಯನ್ನು ಕೈಬಿಟ್ಟಿತು. ಈಗ ಯಾವ ಧರ್ಮದವರೂ, ಧರ್ಮ ಇಲ್ಲದವರೂ ಮದುವೆ ಅಧಿಕಾರಿಗೆ 30 ದಿನ ಮುಂಚೆ ನೋಟಿಸ್ ಕೊಟ್ಟು, ಮೂವರು ಸಾಕ್ಷಿಗಳೊಂದಿಗೆ ಮದುವೆಯಾಗಬಹುದು. ಮಂತ್ರ, ತಾಳಿ, ಸಪ್ತಪದಿ ಕಡ್ಡಾಯವಲ್ಲ. ಇನ್ನೊಂದು ಕಡೆ, ಹಿಂದೂ ಮನೆತನದಲ್ಲಿ ಹುಟ್ಟಿದವರು ನಾಸ್ತಿಕರಾದ ಮಾತ್ರಕ್ಕೆ ಹಿಂದೂ ವಿವಾಹ ಕಾಯ್ದೆಯ ವ್ಯಾಪ್ತಿಯಿಂದ ಹೊರಗೆ ಹೋಗುವುದಿಲ್ಲ. ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರಿಗೆಲ್ಲ ಸಾಮಾನ್ಯವಾಗಿ ಅದೇ ಅನ್ವಯ. 2011ರ ಜನಗಣತಿಯಲ್ಲಿ ಧರ್ಮ ಯಾವುದೆಂದು ಹೇಳದವರು ಸುಮಾರು 29 ಲಕ್ಷ. ಅವರೆಲ್ಲ ನಾಸ್ತಿಕರೆಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಎಲ್ಲ ನಾಸ್ತಿಕರೂ ಆ ಲೆಕ್ಕದಲ್ಲಿ ಸಿಕ್ಕಿದ್ದಾರೆ ಅಂದುಕೊಂಡರೂ ಅಷ್ಟೇ ತಪ್ಪು.

ಕೆಂಡದ ಮೇಲೆ ಸರಸ್ವತಿ

ಸ್ವಾತಂತ್ರ್ಯ ಬಂದ 1947ರಲ್ಲಿ ನಾಸ್ತಿಕ ಕೇಂದ್ರ ಮುದುನೂರಿನಿಂದ ವಿಜಯವಾಡದ ಪಟಮಟಕ್ಕೆ ಬಂತು. 1949ರಲ್ಲಿ ಸಂಘಂ ಎಂಬ ತೆಲುಗು ಪತ್ರಿಕೆ ಶುರುವಾಯಿತು. ಹಳ್ಳಿ ಹಳ್ಳಿಗೆ ಹೋಗಿ ಪವಾಡಗಳ ಗುಟ್ಟು ಬಿಚ್ಚುವ ಕಾರ್ಯಕ್ರಮಗಳು ನಡೆದವು. ಅದರಲ್ಲಿ ಕೆಂಡ ಹಾಯುವುದೂ ಒಂದು. ಸರಸ್ವತಿಯವರು ಯಾವ ವ್ರತವನ್ನೂ ಮಾಡದೆ ಕೆಂಡದ ಮೇಲೆ ನಡೆದು ತೋರಿಸಿದರು.

ನಮ್ಮಲ್ಲೂ ಕೊಂಡ ಹಾಯುವ ಜಾತ್ರೆಗಳಿವೆಯಲ್ಲ. ಕಾಲು ಯಾಕೆ ಸುಡುವುದಿಲ್ಲ? ಕೆಂಡದ ಬಿಸಿ ನೂರಾರು ಡಿಗ್ರಿ ಇರುವುದು ನಿಜ. ಆದರೆ ಇದ್ದಿಲು ಶಾಖವನ್ನು ಬೇಗ ದಾಟಿಸುವುದಿಲ್ಲ, ಅದು ಒಳ್ಳೆಯ ವಾಹಕವಲ್ಲ. ಮೇಲಿರುವ ಬೂದಿಯ ಪದರ ಇನ್ನಷ್ಟು ತಡೆಯುತ್ತದೆ. ಚುರುಕಾಗಿ ನಡೆದರೆ ಒಂದೊಂದು ಹೆಜ್ಜೆಯೂ ಕೆಂಡ ಮುಟ್ಟಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ ಚರ್ಮ ಸುಡುವಷ್ಟು ಶಾಖ ಒಳಗೆ ಇಳಿಯುವುದಿಲ್ಲ. ಒಲೆಯಿಂದ ಉರುಳಿದ ಕೆಂಡವನ್ನು ಬರಿಬೆರಳಲ್ಲಿ ಎತ್ತಿ ಒಳಗೆ ಹಾಕುವ ಅಜ್ಜಿಯನ್ನು ನೋಡಿದ್ದರೆ ನಿಮಗೆ ಇದು ಗೊತ್ತೇ ಇದೆ. ಅದೇ ಅಜ್ಜಿ ಕಾದ ಕಬ್ಬಿಣದ ಹಂಚನ್ನು ಬಟ್ಟೆಯಿಲ್ಲದೆ ಮುಟ್ಟುವುದಿಲ್ಲ. ಭಕ್ತ ನಡೆದರೂ ಭೌತಶಾಸ್ತ್ರ ಒಂದೇ, ನಾಸ್ತಿಕ ನಡೆದರೂ ಒಂದೇ. ಕಾಲಿಗೆ ಕೆಂಡ ಅಂಟಿಕೊಂಡರೆ, ನಡುವೆ ನಿಂತರೆ, ಬಿದ್ದರೆ ಇಬ್ಬರಿಗೂ ಸುಡುತ್ತದೆ. ಹಾಗಾಗಿ ಮನೆಯಲ್ಲಿ ಪ್ರಯತ್ನಿಸಬೇಡಿ.

ಆದರೆ ಜಾತ್ರೆಗೆ ಜನ ಬರುವುದು ಕೆಂಡ ಸುಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲಲ್ಲ. ಅಲ್ಲಿ ನೆಂಟರು ಸಿಗುತ್ತಾರೆ, ಮಕ್ಕಳಿಗೆ ಬತ್ತಾಸು ಸಿಗುತ್ತದೆ, ವರ್ಷಕ್ಕೊಮ್ಮೆ ತವರು ನೋಡಲು ಒಂದು ನೆಪ ಸಿಗುತ್ತದೆ. ವಿಚಾರವಾದಿಗಳು ಎಷ್ಟೋ ಸಲ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಪವಾಡದ ಗುಟ್ಟು ಹೇಳಿ ಹೊರಟುಬಿಡುತ್ತಾರೆ, ಜಾತ್ರೆಯ ಬದಲಿಗೆ ಏನನ್ನೂ ಕೊಡುವುದಿಲ್ಲ. ಗೋರಾ ಕುಟುಂಬ ಈ ತಪ್ಪನ್ನು ಕಡಿಮೆ ಮಾಡಿತು. ಗುಟ್ಟು ಹೇಳಿದ ಊರಿಗೇ ಮತ್ತೆ ಹೋಗಿ ಊಟಕ್ಕೆ ಕೂರುತ್ತಿದ್ದರು.

ಹಾಗೆಂದು ಅವರು ಮಾಡಿದ್ದೆಲ್ಲ ಜನರಿಗೆ ಹಿಡಿಸಿತು ಎಂದಲ್ಲ. 1972ರ ಸ್ವಾತಂತ್ರ್ಯ ದಿನದಂದು ವಿಜಯವಾಡದಲ್ಲಿ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಇಟ್ಟು ಸ್ನೇಹಕೂಟ ಏರ್ಪಡಿಸಿದರು. ಹಿಂದೂ, ಮುಸ್ಲಿಂ ಇಬ್ಬರ ಕಟ್ಟುಪಾಡನ್ನೂ ಒಟ್ಟಿಗೆ ದಾಟುವುದು ಉದ್ದೇಶ. ವಿರೋಧ ಜೋರಾಗಿತ್ತು. ಧೈರ್ಯದ ಕೆಲಸ ನಿಜ, ಆದರೆ ಸಹಪಂಕ್ತಿ ಭೋಜನಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದು ನನ್ನ ಅನಿಸಿಕೆ. ಅಲ್ಲಿ ಯಾರು ಬೇಕಾದರೂ ತಮ್ಮ ಊಟವನ್ನೇ ಉಣ್ಣಬಹುದಿತ್ತು, ಬದಲಾಗಬೇಕಾದ್ದು ಪಕ್ಕದಲ್ಲಿ ಕೂರುವವರು ಮಾತ್ರ. ಇಲ್ಲಿ ತಟ್ಟೆಯೇ ಪರೀಕ್ಷೆಯಾಯಿತು, ಬರಲು ಮನಸ್ಸಿದ್ದವರೂ ಹಿಂಜರಿಯುವ ಹಾಗಾಯಿತು.

ರಾಜಕೀಯದಲ್ಲೂ ಅವರ ದಾರಿ ಬೇರೆ. ಪಕ್ಷಗಳಿಲ್ಲದ ಪ್ರಜಾಪ್ರಭುತ್ವ ಬೇಕು, ಮಂತ್ರಿಗಳು ಸರಳವಾಗಿ ಬದುಕಬೇಕು ಎಂದು ಸೇವಾಗ್ರಾಮದಿಂದ ದೆಹಲಿಗೆ ತಂಡ ಕಟ್ಟಿಕೊಂಡು ನಡೆದೇ ಹೋದರು. ಚುನಾವಣೆಗೂ ನಿಂತರು, ಗೆಲ್ಲಲಿಲ್ಲ. ಸಾರ್ವಜನಿಕ ಉದ್ಯಾನಗಳಲ್ಲಿ ಹೂವಿನ ಬದಲು ತರಕಾರಿ ಬೆಳೆಯಿರಿ ಎಂದೂ ಚಳವಳಿ ಮಾಡಿದರು. ಗಿಡಗಳ ಮೇಷ್ಟ್ರು ಕೊನೆಯವರೆಗೂ ಒಳಗೇ ಇದ್ದರು ಅನ್ನಿ.

1972ರ ಡಿಸೆಂಬರ್‌ನಲ್ಲಿ ವಿಜಯವಾಡದಲ್ಲಿ ಮೊದಲ ವಿಶ್ವ ನಾಸ್ತಿಕ ಸಮ್ಮೇಳನ ನಡೆಯಿತು. 1975ರ ಜುಲೈ 26ರಂದು ವಿಜಯವಾಡದ ಸಭೆಯೊಂದರಲ್ಲಿ ಮಾತನಾಡುತ್ತಿರುವಾಗಲೇ ಗೋರಾ ಕುಸಿದು ತೀರಿಕೊಂಡರು. 72 ವರ್ಷ ವಯಸ್ಸಾಗಿತ್ತು. 2002ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಅವರ ನಂತರ

ಒಬ್ಬ ವ್ಯಕ್ತಿಯ ಸುತ್ತ ಕಟ್ಟಿದ ಇಂಥ ಪ್ರಯೋಗಗಳು ಆ ವ್ಯಕ್ತಿ ಹೋದ ಮೇಲೆ ಸಾಮಾನ್ಯವಾಗಿ ಮುಚ್ಚಿಹೋಗುತ್ತವೆ. ಇದು ಮುಚ್ಚಲಿಲ್ಲ. ಕಾರಣ, ಗೋರಾ ಇದ್ದಾಗಲೇ ಕೆಲಸ ಹಲವರ ಕೈಗೆ ಹಂಚಿಹೋಗಿತ್ತು.

ಗುಂಟೂರು ಸೀಮೆಯಲ್ಲಿ ಸ್ಟುವರ್ಟ್‌ಪುರಂ ಎಂಬ ಊರಿದೆ. ಬ್ರಿಟಿಷರು ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿ ಕೂಡಿಹಾಕಿದ ವಸಾಹತು ಅದು. ಲವಣಂ ಮತ್ತು ಹೇಮಲತಾ ಅಲ್ಲಿಗೆ ಹೋಗಿ, ಕಳ್ಳರೆಂದು ಹೆಸರಾದವರ ಮನೆಗಳಲ್ಲಿ ಓಡಾಡಿ, ಅವರ ಪುನರ್ವಸತಿಗೆ ವರ್ಷಗಟ್ಟಲೆ ದುಡಿದರು. ಹೇಮಲತಾ ಮುಂದೆ ಜೋಗಿನಿ ಪದ್ಧತಿಯ ವಿರುದ್ಧ ನಿಂತರು. ನಮ್ಮ ದೇವದಾಸಿ, ಬಸವಿ ಪದ್ಧತಿಗಳ ಆಚೆ ಕಡೆಯ ಹೆಸರೇ ಜೋಗಿನಿ. ದೇವರಿಗೆ ಮದುವೆ ಮಾಡಿಸಿದ ಹೆಣ್ಣುಮಕ್ಕಳಿಗೆ ಮನುಷ್ಯರ ಜೊತೆ ಮದುವೆ ಮಾಡಿಸುವ ಕೆಲಸದಲ್ಲಿ ಸರಸ್ವತಿಯವರೂ ಇದ್ದರು. ಮಗಳು ಚೆನ್ನುಪಾಟಿ ವಿದ್ಯಾ ವಿಜಯವಾಡದಿಂದ ಎರಡು ಸಲ ಲೋಕಸಭೆಗೆ ಆಯ್ಕೆಯಾದರು. ಅಪ್ಪ ಗೆಲ್ಲದ ಚುನಾವಣೆಯನ್ನು ಮಗಳು ಪಕ್ಷದ ಟಿಕೆಟ್ ಮೇಲೆ ಗೆದ್ದರು ಅನ್ನುವುದು ಬೇರೆ ಮಾತು. ವೈದ್ಯರಾದ ಸಮರಂ, ತೆಲುಗಿನಲ್ಲಿ ಲೈಂಗಿಕ ಆರೋಗ್ಯದ ಬಗ್ಗೆ ಮುಜುಗರವಿಲ್ಲದೆ ಬರೆದು ಮನೆಮಾತಾದರು.

ಈ ಕುಟುಂಬದ ಸಂಸ್ಥೆಗಳ ಹೆಸರಿನಲ್ಲಿ ವಾಸವ್ಯ ಎಂಬ ಪದ ಕಾಣುತ್ತದೆ. ಯಾವುದೋ ದೇವರ ಹೆಸರಿರಬೇಕು ಅನ್ನಿಸುತ್ತದೆ, ಅಲ್ಲವೇ? ಅಲ್ಲ. ವಾಸ್ತವಿಕತೆ, ಸಂಘದೃಷ್ಟಿ, ವ್ಯಕ್ತಿತ್ವ ಎಂಬ ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಪದ ಅದು.

ಗೋರಾ ಹೋದ ಮೇಲೆ ಸರಸ್ವತಿ ಇನ್ನೂ 31 ವರ್ಷ ಬದುಕಿದರು. ಹತ್ತನೇ ವಯಸ್ಸಿನಲ್ಲಿ ಮದುವೆಯಾಗಿ ಬಂದ ಆ ಹುಡುಗಿ ಈಗ ನಾಸ್ತಿಕ ಕೇಂದ್ರದ ಹಿರಿಯಜ್ಜಿ. ಕೇಂದ್ರವನ್ನು ಮುನ್ನಡೆಸಿದರು, ಬಂದವರಿಗೆಲ್ಲ ಊಟ ಹಾಕಿಸಿದರು, ಜಾತಿ ಬಿಟ್ಟು ಮದುವೆಯಾಗಲು ಬಂದ ಜೋಡಿಗಳಿಗೆ ತವರಿನವರಂತೆ ನಿಂತರು. 1999ರಲ್ಲಿ ಅವರಿಗೆ ಜಮ್ನಾಲಾಲ್ ಬಜಾಜ್ ಪ್ರಶಸ್ತಿ ಬಂತು. ಕರ್ನಾಟಕ ಸರ್ಕಾರವೂ ಅವರನ್ನು ಗೌರವಿಸಿತು. ಕೊಟ್ಟದ್ದು ಬಸವಣ್ಣನ ಹೆಸರಿನ ಪುರಸ್ಕಾರ. ಎಂಟು ನೂರು ವರ್ಷಗಳಿಗೂ ಹಿಂದೆ ಕಲ್ಯಾಣದಲ್ಲಿ ಶರಣರು ಮಾಡಿಸಿದ ಒಂದು ಮದುವೆ, ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಅಸ್ಪೃಶ್ಯ ಮೂಲದ ಹರಳಯ್ಯನ ಮಗನಿಗೂ, ರಾಜ್ಯವನ್ನೇ ಅಲುಗಾಡಿಸಿತು ಎಂದು ಕನ್ನಡ ನಾಡು ನೆನೆಯುತ್ತದೆ. ಸರಸ್ವತಿಯವರ ಮನೆಯಲ್ಲಿ ಅಂಥ ಮದುವೆಗಳು ಒಂದಾದ ಮೇಲೊಂದು ನಡೆದವು, ಮಕ್ಕಳ ಕಾಲಕ್ಕೆ ಸಾಹಸ ಅನ್ನಿಸಿದ್ದು ಮೊಮ್ಮಕ್ಕಳ ಹೊತ್ತಿಗೆ ಮನೆಯ ರೂಢಿಯಾಗಿತ್ತು.